ಶಂಖಪುಷ್ಪ ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಗೇಟಿನಿಂದ ಅಂಗಳದವರೆಗೆ ಬೇಲಿ ತುಂಬ ಶಂಖಪುಷ್ಪ ಹಬ್ಬಿದೆ. ಹೂ ನೋಡಿದವರು ಬೀಜ ಕೇಳುತ್ತಾರೆ. ಬೀಜ ಕೊಂಡುಹೋದವರು ಒಂದು ತಿಂಗಳು ಕಳೆದ ಮೇಲೆ ಫೋನ್ ಮಾಡುತ್ತಾರೆ. "ಅಕ್ಕಾ, ಮೊಳಕೆಯೇ ಬರಲಿಲ್ಲ." "ಎಲೆ ಚೆನ್ನಾಗಿ ಬಂತು, ಹೂ ಮಾತ್ರ ಇಲ್ಲ." "ಮಳೆಗೆ ಬುಡ ಕೊಳೆಯಿತು." ಕೇಳುವುದು ಹೆಚ್ಚು ಕಡಿಮೆ ಇದೇ ಪ್ರಶ್ನೆಗಳು. ಎಲ್ಲಕ್ಕೂ ಉತ್ತರ ಒಂದೇ ಕಡೆ ಇರಲಿ ಅಂತ ಇಲ್ಲಿ ಬರೆದಿದ್ದೇನೆ. ನಾನು ಹೇಳುವುದು ಕಾಸರಗೋಡು, ಮಂಜೇಶ್ವರ ಕಡೆಯ ಮಳೆ ಮತ್ತು ಮಣ್ಣಿಗೆ ಹೊಂದುವ ಮಾತು. ಬಯಲುಸೀಮೆಯವರು ನೀರಿನ ಲೆಕ್ಕ ಸ್ವಲ್ಪ ಬದಲಿಸಿಕೊಳ್ಳಬೇಕು.

ಶಂಖಪುಷ್ಪ ಅಂದರೆ ಸರಿಯಾಗಿ ಯಾವ ಗಿಡ?

ನೀಲಿ ಹೂ ಬಿಡುವ ತೆಳ್ಳಗಿನ ಬಳ್ಳಿ. ಬಿಳಿ ಹೂವಿನದ್ದೂ ಇದೆ. ಕನ್ನಡದಲ್ಲಿ ಗಿರಿಕರ್ಣಿಕೆ ಅಂತಲೂ ಕರೆಯುತ್ತಾರೆ, ಸಂಸ್ಕೃತದಲ್ಲಿ ಅಪರಾಜಿತಾ. ನಮ್ಮ ನೆರೆಯ ಮಲಯಾಳದವರಿಗೆ ಇದು ಶಂಖುಪುಷ್ಪಂ. ಸಸ್ಯಶಾಸ್ತ್ರದ ಹೆಸರು ಕ್ಲಿಟೋರಿಯಾ ಟರ್ನೇಟಿಯಾ. ಈ ಹೆಸರು ಕೊಟ್ಟದ್ದು ಲಿನೇಯಸ್, 1753ರಲ್ಲಿ. ಟರ್ನೇಟಿಯಾ ಅನ್ನುವುದು ಇಂಡೋನೇಷ್ಯಾದ ಟರ್ನಾಟೆ ದ್ವೀಪದ ಹೆಸರಿನಿಂದ ಬಂತು.

ಒಂದು ಕಡ್ಡಿಗೆ ಸಾಮಾನ್ಯವಾಗಿ 5 ಅಥವಾ 7 ಚಿಕ್ಕ ಎಲೆ ಇರುತ್ತವೆ. ಆಸರೆ ಸಿಕ್ಕರೆ ಬಳ್ಳಿ 2ರಿಂದ 3 ಮೀಟರ್ ಏರುತ್ತದೆ.

ಇದು ಅವರೆ, ಅಲಸಂಡೆಯ ಕುಟುಂಬ ಅನ್ನುತ್ತಾರೆ. ಹೌದಾ?

ಹೌದು. ಕೋಡು ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ಚಪ್ಪಟೆಯಾದ, ಬೆರಳುದ್ದದ ಕೋಡು. ಒಳಗೆ ಸಾಲಾಗಿ 6ರಿಂದ 10 ಬೀಜ. ನಾವು ಬೇಲಿಗೆ ನೆಡುವ ಗೊಬ್ಬರಗಿಡ, ಅಂದರೆ ಗ್ಲಿರಿಸೀಡಿಯಾ, ಅದೂ ಇದೇ ಕುಟುಂಬ. ನಮ್ಮ ಬೇಲಿಯಲ್ಲಿ ಒಂದು ಇನ್ನೊಂದರ ಹೆಗಲೇರಿ ಕೂತಿದೆ.

ಆದರೆ ಹೂವಿನಲ್ಲಿ ಒಂದು ವಿಶೇಷ ಇದೆ. ನಾಳೆ ಬೆಳಗ್ಗೆ ಒಂದು ಅಲಸಂಡೆ ಹೂ, ಒಂದು ಶಂಖಪುಷ್ಪ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ಅಲಸಂಡೆ ಹೂವಿನಲ್ಲಿ ಅಗಲದ ದೊಡ್ಡ ಎಸಳು ಮೇಲೆ ನಿಂತಿರುತ್ತದೆ, ದೋಣಿಯ ಹಾಗಿರುವ ಸಣ್ಣ ಭಾಗ ಕೆಳಗೆ. ಶಂಖಪುಷ್ಪದಲ್ಲಿ ತಲೆಕೆಳಗು. ದೊಡ್ಡ ಎಸಳು ಕೆಳಗೆ ತಟ್ಟೆಯ ಹಾಗೆ ಹರಡಿರುತ್ತದೆ, ನಡುವೆ ಬಿಳಿ ಅಥವಾ ತಿಳಿ ಹಳದಿಯ ಪಟ್ಟೆ. ಸಣ್ಣ ಭಾಗ ಮೇಲೆ. ಜೇನ್ನೊಣ ಆ ತಟ್ಟೆಯ ಮೇಲೆ ಇಳಿದು ಒಳಗೆ ತಲೆ ತೂರಿಸಿದಾಗ ಪರಾಗ ಅದರ ಬೆನ್ನಿಗೆ ಮೆತ್ತುತ್ತದೆ. ಬಿಸಿಲೇರುವ ಮೊದಲು ಹತ್ತು ನಿಮಿಷ ಬಳ್ಳಿಯ ಹತ್ತಿರ ಸುಮ್ನೆ ನಿಂತರೆ ಇದು ಕಣ್ಣಿಗೇ ಕಾಣುತ್ತದೆ.

ಅಂಗಡಿಯಲ್ಲಿ ಸಿಗುವ ಶಂಖಪುಷ್ಪಿ ಇದೇನಾ?

ಇಲ್ಲಿ ತುಂಬ ಗೊಂದಲ ಇದೆ. ಉತ್ತರ ಭಾರತದಲ್ಲಿ ಶಂಖಪುಷ್ಪಿ ಅಂದರೆ ನೆಲದ ಮೇಲೆ ಹರಡುವ ಬೇರೆಯೇ ಒಂದು ಸಣ್ಣ ಗಿಡ. ಅದು ಅವರೆ ಕುಟುಂಬದ್ದಲ್ಲ, ಗೆಣಸಿನ ಕುಟುಂಬದ್ದು. ಕೇರಳದ ವೈದ್ಯರು ಮಾತ್ರ ಅದೇ ಹೆಸರಿಗೆ ನಮ್ಮ ಈ ಬಳ್ಳಿಯ ಬೇರನ್ನು ಬಳಸುತ್ತಾ ಬಂದಿದ್ದಾರೆ. ವಿಷ್ಣುಕ್ರಾಂತಿಯನ್ನೂ ಕೆಲವರು ಶಂಖಪುಷ್ಪಿ ಅನ್ನುತ್ತಾರೆ. ಔಷಧಿಗೆ ಅಂತ ಬೇಕಾದರೆ ಹೆಸರು ನಂಬಿ ಬೇರು ಕೀಳಬೇಡಿ, ವೈದ್ಯರಿಗೆ ಗಿಡ ತೋರಿಸಿ ಕೇಳಿ. ನಾನು ಇಲ್ಲಿ ಬರೆಯುತ್ತಿರುವುದು ಹೂವಿಗಾಗಿ ಬೆಳೆಸುವ ಬಗ್ಗೆ.

ಒಮ್ಮೆ ನೆಟ್ಟರೆ ಎಷ್ಟು ವರ್ಷ ಇರುತ್ತದೆ?

ನಮ್ಮ ಹವೆಯಲ್ಲಿ ಹಲವು ವರ್ಷ. ಬುಡ ಗಟ್ಟಿಯಾಗಿ ಮರದ ಹಾಗೆ ಆಗುತ್ತದೆ. ಏಪ್ರಿಲ್ ಬಿಸಿಲಿಗೆ ಎಲೆಯೆಲ್ಲ ಉದುರಿ ಒಣ ಕಡ್ಡಿಯ ಹಾಗೆ ಕಂಡರೂ ಕೀಳಲು ಹೋಗಬೇಡಿ. ಬುಡದ ಹತ್ತಿರ ಉಗುರಿನಿಂದ ಸಣ್ಣದಾಗಿ ಕೆರೆದು ನೋಡಿ. ಹಸಿರು ಕಂಡರೆ ಜೀವ ಇದೆ. ಒಂದೆರಡು ಮಳೆ ಬಿದ್ದ ಕೂಡಲೇ ಚಿಗುರುತ್ತದೆ. ಇದು ತಡೆಯದೆ ಇರುವುದು ಎರಡೇ ಎರಡು: ಹಿಮ ಬೀಳುವ ಚಳಿ, ಬುಡದಲ್ಲಿ ನಿಂತ ನೀರು. ಮೊದಲನೆಯದು ನಮಗಿಲ್ಲ. ಎರಡನೆಯದು ನಮಗೆ ಜೂನ್‌ನಿಂದ ಬೇಕಾದಷ್ಟಿದೆ.

ವಿದೇಶದ ಫೋಟೋಗಳಲ್ಲಿ ಲುಪಿನ್, ಬ್ಯಾಪ್ಟೀಸಿಯಾ ಅಂತ ನೀಲಿ ಹೂವಿನ ಗಿಡ ಕಾಣುತ್ತದೆ. ಅದೂ ಇದೇ ಕುಟುಂಬ ಅಲ್ವಾ? ನಮ್ಮಲ್ಲಿ ಬರುತ್ತದಾ?

ಕುಟುಂಬ ಇದೇ. ಬ್ಯಾಪ್ಟೀಸಿಯಾ ಉತ್ತರ ಅಮೆರಿಕದ್ದು, ಆಳಕ್ಕೆ ಬೇರು ಬಿಟ್ಟು ಬಹಳ ವರ್ಷ ಬಾಳುತ್ತದೆ. ಆದರೆ ಅದಕ್ಕೆ ಚಳಿಗಾಲದ ನಿದ್ದೆ ಬೇಕು. ತೋಟದ ಲುಪಿನ್‌ಗೆ ನಮ್ಮ ಸೆಕೆ ಆಗುವುದಿಲ್ಲ. ಕಾಸರಗೋಡಿನಲ್ಲಿ ಅವಕ್ಕೆ ದುಡ್ಡು ಹಾಕಬೇಡಿ. ಅದೇ ನೀಲಿ, ಅದೇ ಗಟ್ಟಿತನ ನಮ್ಮ ಬೇಲಿಯಲ್ಲೇ ಇದೆ.

ಬೀಜ ಹಾಕಿ ಮೂರು ವಾರ ಆಯಿತು. ಯಾಕೆ ಮೊಳೆತಿಲ್ಲ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೀಜ ಹಾಳಾಗಿಲ್ಲ. ಅದರ ಸಿಪ್ಪೆ ಗಟ್ಟಿ, ಅಷ್ಟೇ. ನೀರು ಒಳಗೆ ಹೋಗದ ಹಾಗೆ ಸಿಪ್ಪೆ ತಡೆಯುತ್ತದೆ. ಕಾಡಿನಲ್ಲಿ ಬಿದ್ದ ಬೀಜಕ್ಕೆ ಅದು ಒಳ್ಳೆಯದೇ. ಎಲ್ಲ ಒಟ್ಟಿಗೆ ಮೊಳೆತು ಒಂದೇ ಬಿಸಿಲಿಗೆ ಒಟ್ಟಿಗೆ ಸಾಯುವ ಬದಲು ಕೆಲವು ಈ ಮಳೆಗೆ, ಕೆಲವು ಮುಂದಿನ ಮಳೆಗೆ ಎದ್ದು ಬರುತ್ತವೆ. ನಮಗೆ ಮಾತ್ರ ಎಲ್ಲ ಈಗಲೇ ಬೇಕು. ಹಾಗಾಗಿ ಸಿಪ್ಪೆಗೆ ನಾವೇ ಒಂದು ದಾರಿ ಮಾಡಿಕೊಡಬೇಕು.

ನಮ್ಮ ಅತ್ತೆ ಇದನ್ನು ಯಾವ ಹೆಸರೂ ಇಲ್ಲದೆ ಮಾಡುತ್ತಿದ್ದರು. ಜಗಲಿಯ ಮೆಟ್ಟಿಲಿಗೆ ಮುರಕಲ್ಲು, ಅಂದರೆ ಒರಟಾದ ಕೆಂಪು ಜಂಬಿಟ್ಟಿಗೆ ಕಲ್ಲು, ಹಾಕಿದ್ದೇವೆ. ಬೀಜವನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಆ ಕಲ್ಲಿನ ಮೇಲೆ ನಾಲ್ಕೈದು ಸಲ ಎಳೆಯುತ್ತಿದ್ದರು. ಸಿಪ್ಪೆಯ ಕಪ್ಪು ಹೋಗಿ ಒಳಗಿನ ತಿಳಿ ಬಣ್ಣ ಚುಕ್ಕಿಯಷ್ಟು ಕಂಡ ಕೂಡಲೇ ನಿಲ್ಲಿಸಿ ಲೋಟದ ನೀರಿಗೆ ಹಾಕುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ತಿಕ್ಕದೆ ಸೀದಾ ಮಣ್ಣಿಗೆ ಹಾಕಿದೆ. ಹತ್ತರಲ್ಲಿ ಎರಡೋ ಮೂರೋ ಬಂದವು. ಅವರು ತಿಕ್ಕಿ ಹಾಕಿದವು ಒಂದೇ ವಾರದಲ್ಲಿ ಸಾಲಾಗಿ ತಲೆ ಎತ್ತಿದ್ದವು.

ಮುರಕಲ್ಲು ಇಲ್ಲದವರು ಮರಳುಕಾಗದ ಬಳಸಿ. ಉಗುರು ಕತ್ತರಿಸುವ ನೇಲ್‌ಕಟರ್ ಕೂಡ ಆಗುತ್ತದೆ. ಬೀಜಕ್ಕೆ ಒಂದು ಬದಿಯಲ್ಲಿ ಬಿಳಿ ಕಣ್ಣಿನ ಹಾಗೆ ಗುರುತು ಇರುತ್ತದೆ, ಕೋಡಿಗೆ ಅಂಟಿದ್ದ ಜಾಗ ಅದು. ಅಲ್ಲಿ ಮುಟ್ಟಬೇಡಿ, ಮೊಳಕೆ ಅದರ ಹತ್ತಿರವೇ ಇರುತ್ತದೆ. ಅದರ ಎದುರು ಬದಿಯಲ್ಲಿ ಚೂರೇ ಚೂರು ಸಿಪ್ಪೆ ತೆಗೆಯಿರಿ. ಆಮೇಲೆ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ನೋಡಿದರೆ ಕೆಲವು ಉಬ್ಬಿ ಎರಡರಷ್ಟು ದಪ್ಪ ಆಗಿರುತ್ತವೆ. ಅವನ್ನು ಆ ದಿನವೇ ಬಿತ್ತಿ. ಉಬ್ಬದೆ ಹಾಗೇ ಇರುವುದಕ್ಕೆ ಸಿಪ್ಪೆ ಸಾಕಷ್ಟು ತೆಗೆದಿಲ್ಲ ಅಂತ ಅರ್ಥ. ಎಸೆಯಬೇಡಿ, ಇನ್ನೊಮ್ಮೆ ತಿಕ್ಕಿ ನೆನೆಹಾಕಿ. ಎರಡು ದಿನಕ್ಕಿಂತ ಜಾಸ್ತಿ ನೀರಿನಲ್ಲಿ ಬಿಟ್ಟರೆ ಕೊಳೆತು ವಾಸನೆ ಬರುತ್ತದೆ.

ಆಳ ಬೇಡ, ಬೆರಳಿನ ಒಂದು ಗೆಣ್ಣಿನ ಅರ್ಧದಷ್ಟು ಸಾಕು. ಒಂದು ವಾರದಿಂದ ಹತ್ತು ದಿನದೊಳಗೆ ಮೊಳಕೆ ಕಾಣುತ್ತದೆ.

ಯಾವ ತಿಂಗಳಲ್ಲಿ ಬಿತ್ತುವುದು ಒಳ್ಳೆಯದು?

ಎರಡು ಹೊತ್ತು ಇದೆ. ಒಂದು, ಮೇ ಆರಂಭದಲ್ಲಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ (ಚೀಲದಲ್ಲಿ) ಬಿತ್ತಿ, ದೊಡ್ಡ ಮಳೆ ಹಿಡಿಯುವ ಮೊದಲು ಸಸಿ ಒಂದು ಗೇಣು ಆಗಿರಬೇಕು. ಇನ್ನೊಂದು, ಸೋಣ ತಿಂಗಳು ಕಳೆದು ಮಳೆ ಇಳಿಮುಖವಾದ ಮೇಲೆ, ಸೆಪ್ಟೆಂಬರ್ ಕೊನೆಗೆ. ನನಗೆ ಹೆಚ್ಚು ಇಷ್ಟ ಈ ಎರಡನೆಯದು. ತುಲಾಮಳೆಯ ನೀರು ಸಿಗುತ್ತದೆ, ನಡುವೆ ಬಿಸಿಲೂ ಬರುತ್ತದೆ, ನೀವು ಕೊಡ ಹೊರುವ ಕೆಲಸ ಕಡಿಮೆ. ಡಿಸೆಂಬರ್ ಹೊತ್ತಿಗೆ ಹೂ. ಬಿತ್ತಿದ ಮೇಲೆ ಮೊದಲ ಹೂವಿಗೆ ಸುಮಾರು 6ರಿಂದ 8 ವಾರ ಅಂತ ಲೆಕ್ಕ ಇಡಿ.

ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಬಿತ್ತಬೇಡಿ. ಸುರಿಯುವ ಮಳೆಗೆ ಬೀಜ ಮಣ್ಣಿನ ಜೊತೆ ಎಲ್ಲಿಗೆ ಹೋಯಿತು ಅಂತ ಗೊತ್ತಾಗುವುದಿಲ್ಲ.

ಸೀದಾ ನೆಲಕ್ಕೆ ಹಾಕಬೇಕಾ, ತೊಟ್ಟೆಯಲ್ಲಿ ಮಾಡಿ ನೆಡಬೇಕಾ?

ಎರಡೂ ಆಗುತ್ತದೆ. ಈ ಬಳ್ಳಿ ಮೊದಲು ಮಾಡುವ ಕೆಲಸ ಒಂದು ಉದ್ದದ ತಾಯಿಬೇರನ್ನು ನೇರ ಕೆಳಗೆ ಇಳಿಸುವುದು. ಆ ಬೇರು ತುಂಡಾದರೆ ಸಸಿ ವಾರಗಟ್ಟಲೆ ಮಂಕಾಗಿ ನಿಲ್ಲುತ್ತದೆ. ಅದಕ್ಕೆ ತೆಂಗಿನ ಗೆರಟೆಯಲ್ಲಿ (ಚಿಪ್ಪಿನಲ್ಲಿ) ಬಿತ್ತುವುದು ನೋಡಲು ಚಂದ ಆದರೂ ಇದಕ್ಕೆ ಸರಿಯಲ್ಲ, ಆಳ ಸಾಲದು. ಉದ್ದದ ತೊಟ್ಟೆ ತೆಗೆದುಕೊಳ್ಳಿ. ನಾಲ್ಕೈದು ಎಲೆ ಆದ ಕೂಡಲೇ ತೊಟ್ಟೆಯನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಹೆಂಟೆ ಒಡೆಯದ ಹಾಗೆ ಇಳಿಸಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಇದ್ದರೆ ಬೇಲಿ ತುಂಬುತ್ತದೆ.

ನಮ್ಮ ಕಡೆ ಈಗ ನವಿಲು ಜಾಸ್ತಿ. ಎಳೆ ಸಸಿಯನ್ನು ಕೊಕ್ಕಿನಿಂದ ಚಿವುಟಿ ಹಾಕುತ್ತವೆ. ಮೊದಲ ತಿಂಗಳು ಸುತ್ತ ಮುಳ್ಳಿನ ಗೆಲ್ಲು ಊರಿ ಇಡಿ.

ಕಡ್ಡಿ ನೆಟ್ಟರೆ ಬರುತ್ತದಾ?

ಬರುತ್ತದೆ. ತೀರಾ ಎಳೆಯದೂ ಅಲ್ಲದ, ಒಣಗಿದ್ದೂ ಅಲ್ಲದ ಗೆಲ್ಲು, ಒಂದು ಗೇಣು ಉದ್ದ. ಕೆಳಗಿನ ಎಲೆ ತೆಗೆದು ಒದ್ದೆ ಮರಳಿಗೆ ಊರಿ ನೆರಳಿನಲ್ಲಿಡಿ. ಆದರೆ ಬೀಜದ ಗಿಡದ ಹಾಗೆ ಆಳಕ್ಕೆ ಬೇರು ಇಳಿಯುವುದಿಲ್ಲ, ಬೇಸಿಗೆಗೆ ಬೇಗ ಬಾಡುತ್ತದೆ. ಒಳ್ಳೆಯ ಬಣ್ಣದ ಬಳ್ಳಿಯನ್ನು ಹಾಗೇ ಉಳಿಸಿಕೊಳ್ಳಲು ಮಾತ್ರ ನಾನು ಕಡ್ಡಿ ನೆಡುವುದು.

ನಮ್ಮದು ಬರೀ ಮುರಮಣ್ಣು. ಅದರಲ್ಲಿ ಆಗುತ್ತದಾ?

ಆಗುತ್ತದೆ. ಎಷ್ಟೋ ಹೂಗಿಡಗಳು ಬೇಡ ಅನ್ನುವ ಮಣ್ಣು ಇದು. ಈ ಬಳ್ಳಿಗೆ ಅದು ಸಾಕು. ನಮ್ಮ ಮುರಕಲ್ಲು ಗುಡ್ಡದಲ್ಲಿ ಸುರಂಗ ಕೊರೆದು ನೀರು ತಂದವರು ನಮ್ಮ ಹಿರಿಯರು. ಕಲ್ಲಿನ ಒಳಗೆ ನೀರು ಹೇಗೆ ಬಸಿದು ಹೋಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗೆ ಬಸಿಯುವ ಮಣ್ಣೇ ಶಂಖಪುಷ್ಪಕ್ಕೆ ಬೇಕು.

ತೊಂದರೆ ಎರಡು. ಮೊದಲನೆಯದು, ಮೇಲಿನ ಮಣ್ಣು ತೆಳು, ಒಂದು ಅಡಿ ಕೆಳಗೆ ಕಲ್ಲು. ಅಂಥ ಕಡೆ ಹಾರೆಯಿಂದ ಒಂದೂವರೆ ಅಡಿ ಆಳದ ಗುಳಿ ತೆಗೆಯಿರಿ. ಅಗಲ ಒಂದು ಅಡಿ ಸಾಕು. ಗುಳಿಗೆ ಕೊಡಪಾನ ನೀರು ಸುರಿದು ನೋಡಿ. ಅರ್ಧ ಗಂಟೆಯಲ್ಲಿ ಇಂಗಿದರೆ ಅಲ್ಲಿ ನೆಡಬಹುದು. ಮರುದಿನವೂ ನೀರು ನಿಂತಿದ್ದರೆ ಅದು ಕಲ್ಲಿನ ಬಟ್ಟಲು. ಮಳೆಗಾಲದಲ್ಲಿ ಬೇರು ಅದರಲ್ಲಿ ಮುಳುಗಿ ಸಾಯುತ್ತದೆ, ಜಾಗ ಬದಲಿಸಿ.

ಎರಡನೆಯದು ಹುಳಿ. ನಮ್ಮ ಮಳೆಗೆ ಮಣ್ಣಿನ ಸುಣ್ಣದ ಅಂಶ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ. ಬೇರಿನ ಗಂಟುಗಳಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾಕ್ಕೆ ಹುಳಿ ಹಿಡಿಸುವುದಿಲ್ಲ. ನೆಡುವುದಕ್ಕೆ ಎರಡು ವಾರ ಮೊದಲು ಗುಳಿಯ ಮಣ್ಣಿಗೆ ಒಂದು ಹಿಡಿ ಸುಣ್ಣದ ಹುಡಿ ಬೆರೆಸಿ ಬಿಡಿ. ಆಮೇಲೆ ಹಟ್ಟಿಗೊಬ್ಬರ, ಸುಡುಮಣ್ಣು (ಕಸಕಡ್ಡಿಯ ಜೊತೆ ಸುಟ್ಟ ಮಣ್ಣು). ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಹಾಕಬೇಡಿ, ಗೊಬ್ಬರದ ಸಾರ ಗಾಳಿಗೆ ಹೋಗುತ್ತದೆ. ದೊಡ್ಡ ಮಟ್ಟದಲ್ಲಿ ಬೆಳೆಸುವವರು ಪಂಚಾಯತಿನ ಕೃಷಿಭವನದಲ್ಲಿ ಮಣ್ಣು ಪರೀಕ್ಷೆಗೆ ಕೇಳಿ.

ಚಟ್ಟಿಯಲ್ಲಿ ಬೆಳೆಸಬಹುದಾ?

ಬೆಳೆಸಬಹುದು. ಕನಿಷ್ಠ ಒಂದು ಅಡಿ ಆಳದ ಚಟ್ಟಿ ಅಥವಾ ಗ್ರೋಬ್ಯಾಗ್. ಒಂದರಲ್ಲಿ ಎರಡು ಗಿಡ ಸಾಕು. ತಳದ ತೂತಿನ ಮೇಲೆ ಓಡಿನ ಚೂರು ಇಡಿ. ಚಟ್ಟಿಯ ಕೆಳಗಿನ ತಟ್ಟೆಯನ್ನು ಮಳೆಗಾಲದಲ್ಲಿ ತೆಗೆದುಬಿಡಿ.

ನೀರು ಎಷ್ಟು?

ಸಸಿ ಇರುವಾಗ ದಿನಾ ಸ್ವಲ್ಪ. ಬೇರು ಇಳಿದ ಮೇಲೆ ನೆಲದ ಗಿಡಕ್ಕೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಬುಡ ಪೂರ್ತಿ ನೆನೆಯುವ ಹಾಗೆ. ದಿನಾ ಒಂದೊಂದು ಚೊಂಬು ಚಿಮುಕಿಸಿದರೆ ಬೇರು ಮೇಲೆಯೇ ಇರುತ್ತದೆ, ಕೆಳಗಿಳಿಯುವುದಿಲ್ಲ. ಚಟ್ಟಿಯದ್ದಕ್ಕೆ ಬೆರಳು ಊರಿ ನೋಡಿ, ಒಣಗಿದ್ದರೆ ಮಾತ್ರ ನೀರು. ಬುಡಕ್ಕೆ ತೆಂಗಿನ ಸಿಪ್ಪೆ ಕವುಚಿ ಮುಚ್ಚಿದರೆ ಏಪ್ರಿಲ್ ತಿಂಗಳೂ ದಾಟುತ್ತದೆ.

ಗೊಬ್ಬರ ಏನು ಹಾಕಬೇಕು? ಯೂರಿಯಾ ಹಾಕಿದರೆ ಬೇಗ ಬೆಳೆಯುತ್ತದಾ?

ಬೇಗ ಬೆಳೆಯುತ್ತದೆ, ಬರೀ ಎಲೆ. ಹೂ ಬೇಕಾದವರು ಯೂರಿಯಾ ಮುಟ್ಟಬೇಡಿ.

ಯಾಕೆ ಅಂತ ತಿಳಿಯಬೇಕಾದರೆ ಒಂದು ಸಸಿಯನ್ನು ಬೇರು ಸಮೇತ ಮೆಲ್ಲ ಎತ್ತಿ ನೀರಿನಲ್ಲಿ ತೊಳೆದು ನೋಡಿ. ಬೇರಿಗೆ ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಗಂಟುಗಳು ಅಂಟಿಕೊಂಡಿರುತ್ತವೆ. ರೋಗ ಅಂತ ಹೆದರಬೇಡಿ. ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ತಿಳಿ ಕೆಂಪು ಬಣ್ಣ ಕಂಡರೆ ಅದು ಕೆಲಸ ಮಾಡುತ್ತಿದೆ. ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾಗಳು ಆ ಗಂಟಿನೊಳಗೆ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಗಾಳಿಯಲ್ಲಿ 78 ಶೇಕಡಾ ಸಾರಜನಕವೇ ಇದೆ, ಅಂಗಡಿಯಿಂದ ತರುವ ಅಗತ್ಯ ಇಲ್ಲ. ನಾವು ಯೂರಿಯಾ ಸುರಿದರೆ ಗಿಡಕ್ಕೆ ಈ ಗಂಟುಗಳೇ ಬೇಡ ಅನ್ನಿಸುತ್ತದೆ. ಗಂಟು ಕಡಿಮೆಯಾಗುತ್ತದೆ, ಬಳ್ಳಿ ಸೊಕ್ಕಿ ಎಲೆ ಬಿಡುತ್ತದೆ.

ನಾನು ಹಾಕುವುದು ವರ್ಷಕ್ಕೆ ಎರಡು ಸಲ. ಒಂದು ಬುಟ್ಟಿ ಸುಡುಮಣ್ಣು, ಅದಕ್ಕೆ ಎರಡು ಹಿಡಿ ಒಲೆಬೂದಿ, ನಾಲ್ಕು ಹಿಡಿ ಹಳೆಯ ಹಟ್ಟಿಗೊಬ್ಬರ. ಇಷ್ಟು ಐದಾರು ಬುಡಕ್ಕೆ ಸಾಕು. ಹಸಿ ಸಗಣಿ ಬುಡಕ್ಕೆ ಬೇಡ.

ಎಲೆ ತುಂಬಿದೆ, ಹೂ ಮಾತ್ರ ಇಲ್ಲ. ಏನು ಮಾಡಲಿ?

ಮೊದಲು ಬಿಸಿಲು ನೋಡಿ. ದಿನಕ್ಕೆ 6 ಗಂಟೆ ನೇರ ಬಿಸಿಲು ಬೇಕು. ಅಡಕೆ ತೋಟದ ಒಳಗೆ, ಹಲಸಿನ ಮರದ ಅಡಿಯಲ್ಲಿ ಹೂ ಬಾರದು. ಬಿಸಿಲು ಇದ್ದರೆ ಮುಂದಿನದು ಗೊಬ್ಬರ, ಮೇಲೆ ಹೇಳಿದೆ. ಅದೂ ಸರಿ ಇದ್ದರೆ ಕೋಡು ನೋಡಿ. ಬಳ್ಳಿಯಲ್ಲಿ ಕೋಡು ತುಂಬಿಕೊಂಡರೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗುತ್ತದೆ, ಹೊಸ ಮೊಗ್ಗು ನಿಲ್ಲುತ್ತದೆ. ಬೀಜಕ್ಕೆ ಅಂತ ಒಂದೆರಡು ಗೆಲ್ಲು ಬಿಟ್ಟು ಉಳಿದ ಎಳೆ ಕೋಡುಗಳನ್ನು ಚಿವುಟಿ ತೆಗೆಯಿರಿ. ಹೂ ದಿನಾ ಕೊಯ್ಯುವ ಮನೆಯಲ್ಲಿ ಹೂ ಜಾಸ್ತಿ. ಇದಕ್ಕೆ ಕಾರಣವೂ ಇದೇ.

ಇನ್ನೂ ಬರದಿದ್ದರೆ ಎರಡು ವಾರ ನೀರು ಕಡಿಮೆ ಮಾಡಿ, ತುದಿಗಳನ್ನು ಒಂದು ಗೇಣು ಕತ್ತರಿಸಿ.

ಆಸರೆಗೆ ಏನು ಕೊಡಲಿ?

ತೆಳ್ಳಗಿನದ್ದು ಏನಿದ್ದರೂ ಆಗುತ್ತದೆ. ಬಳ್ಳಿ ತಾನೇ ಸುತ್ತಿಕೊಂಡು ಏರುತ್ತದೆ, ದಪ್ಪ ಕಂಬಕ್ಕೆ ಸುತ್ತಲು ಆಗುವುದಿಲ್ಲ. ಅಡಕೆ ಮರ ಸೀಳಿದ ಸಲಾಕೆಗಳನ್ನು ಊರಿ, ನಡುವೆ ಹುರಿಹಗ್ಗ ಕಟ್ಟಿ. ಮೊದಲ ಒಂದು ಅಡಿಗೆ ಬಾಳೆಬಳ್ಳಿಯಿಂದ ಸಡಿಲಾಗಿ ಕಟ್ಟಿಕೊಡಿ, ಆಮೇಲೆ ಅದರ ದಾರಿ ಅದಕ್ಕೆ ಗೊತ್ತು. ಎಳೆ ಅಡಕೆ ಸಸಿಗೆ, ಕಾಳುಮೆಣಸಿನ ಬಳ್ಳಿಗೆ ಹತ್ತಲು ಬಿಡಬೇಡಿ, ಬೆಳಕು ಮುಚ್ಚುತ್ತದೆ.

ಮಳೆಗಾಲದಲ್ಲಿ ಹೇಗೆ ಉಳಿಸುವುದು?

ನೀರು ನಿಲ್ಲದಿದ್ದರೆ ಅದು ತಾನೇ ಉಳಿಯುತ್ತದೆ. ಮೇ ಕೊನೆಗೆ ಬುಡಕ್ಕೆ ಮಣ್ಣು ಏರಿಸಿ ಸಣ್ಣ ದಿಬ್ಬ ಮಾಡಿ. ಬೇಸಿಗೆಗೆ ಹಾಕಿದ್ದ ತೆಂಗಿನ ಸಿಪ್ಪೆ ತೆಗೆಯಿರಿ, ಅದರ ಅಡಿಯಲ್ಲಿ ಬಸವನಹುಳು ಅಡಗುತ್ತದೆ. ಒತ್ತಾಗಿ ಹೆಣೆದುಕೊಂಡ ಗೆಲ್ಲುಗಳನ್ನು ಬಿಡಿಸಿ ಗಾಳಿ ಆಡುವ ಹಾಗೆ ಮಾಡಿ. ಜೂನ್, ಜುಲೈಯಲ್ಲಿ ಹೂ ಕಡಿಮೆ. ಬಂದ ಹೂವೂ ಮಳೆಗೆ ಒದ್ದೆ ಕಾಗದದ ಹಾಗೆ ಮುದುಡುತ್ತದೆ. ಆಗ ಗೊಬ್ಬರ ಹಾಕಿ ಅದನ್ನು ಎಬ್ಬಿಸಲು ಹೋಗಬೇಡಿ.

ದೊಡ್ಡ ಆಫ್ರಿಕನ್ ಬಸವನಹುಳು ನಿಮ್ಮಲ್ಲೂ ಬಂದಿದ್ದರೆ ರಾತ್ರಿ ಒದ್ದೆ ಗೋಣಿಯ ಅಡಿಯಲ್ಲಿ ಪಪ್ಪಾಯಿ ಎಲೆ ಇಡಿ. ಬೆಳಗ್ಗೆ ಅಲ್ಲಿ ಸೇರಿರುತ್ತವೆ. ಕೈಗೆ ಗ್ಲೌಸ್ ಹಾಕಿ ಹೆಕ್ಕಿ ಉಪ್ಪುನೀರಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬಾರದು.

ಕತ್ತರಿಸುವುದು ಯಾವಾಗ?

ದೊಡ್ಡ ಕತ್ತರಿಕೆ ವರ್ಷಕ್ಕೆ ಒಂದು ಸಲ, ಸೆಪ್ಟೆಂಬರ್ ಕೊನೆಗೆ. ನೆಲದಿಂದ ಒಂದರಿಂದ ಒಂದೂವರೆ ಅಡಿ ಬಿಟ್ಟು ಪೂರ್ತಿ ತೆಗೆದುಬಿಡಿ. ಮೊದಲ ಸಲ ಕೈ ಬರುವುದಿಲ್ಲ, ಗೊತ್ತು. ಆದರೆ ಹೂ ಬರುವುದು ಹೊಸ ಚಿಗುರಿನಲ್ಲಿ. ಕತ್ತರಿಸದ ಬಳ್ಳಿ ಮೂರನೇ ವರ್ಷಕ್ಕೆ ಮೇಲೆ ಮಾತ್ರ ಹಸಿರು, ಕೆಳಗೆ ಬರೀ ಕಡ್ಡಿ.

ಹುಳ ಬಂದರೆ ಯಾವ ಮದ್ದು ಹೊಡೆಯಲಿ?

ವಿಷ ಹೊಡೆಯಬೇಡಿ. ಇದನ್ನು ನಾನು ಕೇಳಿಕೊಳ್ಳುತ್ತಿದ್ದೇನೆ. ಸುಮಾರು ಎರಡು ದಶಕ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರು ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಆ ಹೊತ್ತಿಗೆ ಎಣ್ಮಕಜೆ, ಪಡ್ರೆ ಕಡೆಯ ಮನೆಗಳಲ್ಲಿ ಮಕ್ಕಳ ಬಾಳು ಏನಾಗಿತ್ತು ಅಂತ ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ಒಂದು ಹೂವಿನ ಬಳ್ಳಿಗೆ, ಅದೂ ದೇವರಿಗೆ ಇಡುವ, ನೀರಿಗೆ ಹಾಕಿ ಕುಡಿಯುವ ಹೂವಿಗೆ, ವಿಷದ ಬಾಟಲಿ ತೆಗೆಯುವುದು ಬೇಡ.

ಬರುವ ಹುಳಗಳೂ ದೊಡ್ಡ ಸಂಗತಿ ಅಲ್ಲ. ಚಿಗುರಿಗೆ ಹೇನು ಮುತ್ತುತ್ತದೆ. ನೀರನ್ನು ರಭಸವಾಗಿ ಚಿಮ್ಮಿಸಿದರೆ ಹೋಗುತ್ತದೆ. ಬಿಳಿ ಹಿಟ್ಟಿನ ಹಾಗೆ ಕಾಣುವ ಹಿಟ್ಟುತಿಗಣೆ ಬಂದರೆ ಆ ಗೆಲ್ಲನ್ನೇ ಕತ್ತರಿಸಿ ಸುಟ್ಟುಬಿಡಿ. ಬೇಸಿಗೆಯಲ್ಲಿ ಎಲೆಯ ಅಡಿ ಸಣ್ಣ ಕೆಂಪು ನುಸಿ ಬರುತ್ತದೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸಾಬೂನು ಕದಡಿ ಸಂಜೆ ಹೊತ್ತು ಎಲೆಯ ಅಡಿಗೆ ಚಿಮುಕಿಸಿ. ಹಾಗೆ ಮಾಡಿದ ಒಂದು ವಾರ ಅಡುಗೆಗೆ ಹೂ ಕೊಯ್ಯಬೇಡಿ.

ಬಿಳಿ, ನೀಲಿ, ಜೋಡಿ ಎಸಳಿನದ್ದು ಒಟ್ಟಿಗೆ ಬೆಳೆಸಿದರೆ ಬೀಜ ಬೆರೆಯುತ್ತದಾ?

ಬಹುಪಾಲು ಬೆರೆಯುವುದಿಲ್ಲ. ಹೂ ಅರಳುವ ಮೊದಲೇ, ಮೊಗ್ಗಿನ ಒಳಗೆ ತನ್ನ ಪರಾಗ ತನಗೇ ತಗುಲಿ ಆಗಿರುತ್ತದೆ. ಆದರೂ ಜೇನ್ನೊಣ ಬರುತ್ತದೆ ಅಲ್ವಾ, ಅಲ್ಲೊಂದು ಇಲ್ಲೊಂದು ಬೆರೆಯುತ್ತದೆ. ನಮ್ಮ ಬಿಳಿ ಬಳ್ಳಿಯ ಬೀಜದಲ್ಲಿ ಒಂದೆರಡು ನೀಲಿ ಬಂದದ್ದಿದೆ. ಶುದ್ಧ ಬೀಜ ಬೇಕಾದವರು ಮೊಗ್ಗಿಗೆ ತೆಳ್ಳಗಿನ ಬಟ್ಟೆಯ ಚೀಲ ಕಟ್ಟಿ.

ಪ್ಯಾಕೆಟ್ ಬೀಜ ತರಿಸುವವರಿಗೆ ಒಂದು ಮಾತು. ನಾನು ಒಂದು ಕಡೆಯಿಂದ ಜೋಡಿ ಎಸಳಿನ ನೀಲಿ ಅಂತ ತರಿಸಿದೆ. ನಾಲ್ಕು ತಿಂಗಳು ನೀರೆರೆದ ಮೇಲೆ ಬಂದದ್ದು ಬೇಲಿಯಲ್ಲಿ ಮೊದಲೇ ಇದ್ದ ಒಂಟಿ ಎಸಳಿನದ್ದೇ. ಹೂ ಬಿಟ್ಟ ಬಳ್ಳಿಯನ್ನು ಕಣ್ಣಿನಿಂದ ನೋಡಿ, ಅದೇ ಬಳ್ಳಿಯ ಬೀಜ ಕೇಳಿ ತರುವುದು ಒಳ್ಳೆಯದು.

ಈ ಹೂವಿಗೆ ಪರಿಮಳ ಇದೆಯಾ?

ಇಲ್ಲ ಅಂತಲೇ ಹೇಳಬೇಕು.

ನೀಲಿ ಚಹಾ ಮಾಡುವುದು ಹೇಗೆ? ನಿಂಬೆ ಹಿಂಡಿದರೆ ಬಣ್ಣ ಯಾಕೆ ಬದಲಾಗುತ್ತದೆ?

ಬೆಳಗ್ಗೆ ಅರಳಿದ 8ರಿಂದ 10 ಹೂ. ಹಿಂದಿನ ಹಸಿರು ತೊಟ್ಟು ತೆಗೆಯಿರಿ, ಇಲ್ಲದಿದ್ದರೆ ಹಸಿ ಸೊಪ್ಪಿನ ರುಚಿ ಬರುತ್ತದೆ. ಕುದಿದ ನೀರು ಒಂದು ಲೋಟ ಹಾಕಿ 5 ನಿಮಿಷ ಮುಚ್ಚಿಡಿ. ಹೂ ಬಿಳುಚಿಕೊಂಡು ನೀರು ಕಡು ನೀಲಿ ಆಗುತ್ತದೆ. ರುಚಿ ಹೆಚ್ಚೇನಿಲ್ಲ, ಶುಂಠಿ ಚೂರು, ಬೆಲ್ಲ ಬೇಕಾದರೆ ಹಾಕಿ.

ಆ ಬಣ್ಣ ಆಂಥೋಸಯನಿನ್ ಅನ್ನುವ ಗುಂಪಿನದು. ಇದೇ ಗುಂಪಿನ ಬಣ್ಣ ನೇರಳೆಹಣ್ಣಿನಲ್ಲೂ ಬದನೆಯ ಸಿಪ್ಪೆಯಲ್ಲೂ ಇದೆ. ಹುಳಿ ತಗುಲಿದರೆ ಅದರ ರಚನೆ ಬದಲಾಗಿ ನೀಲಿ ಹೋಗಿ ನೇರಳೆ, ಇನ್ನೂ ಹುಳಿಯಾದರೆ ಗುಲಾಬಿ. ಅಡುಗೆಸೋಡಾ ಹಾಕಿದರೆ ಹಸಿರಿನ ಕಡೆಗೆ ತಿರುಗುತ್ತದೆ. ಮಕ್ಕಳ ಮುಂದೆ ಒಮ್ಮೆ ಮಾಡಿ ತೋರಿಸಿ. ನಮ್ಮ ಮನೆಯಲ್ಲಿ ರಜೆಗೆ ಬಂದ ಮಕ್ಕಳಿಗೆ ದಿನಾ ಇದೇ ಬೇಕು.

ಮಲೇಷ್ಯಾದಲ್ಲಿ ಇದೇ ಹೂವಿನಿಂದ ಅನ್ನಕ್ಕೆ ನೀಲಿ ಬಣ್ಣ ಕೊಡುತ್ತಾರೆ, ನಾಸಿ ಕೆರಾಬು ಅಂತ ಹೆಸರು. ಅಮೆರಿಕದಲ್ಲಿ 2021ರಲ್ಲಿ ಈ ಹೂವಿನ ಸಾರವನ್ನು ತಿಂಡಿಗಳ ಬಣ್ಣಕ್ಕೆ ಬಳಸಲು ಒಪ್ಪಿಗೆ ಕೊಟ್ಟರು. ನಾನು ನೀರುದೋಸೆಯ ಹಿಟ್ಟಿಗೆ ಬೆರೆಸಿ ನೋಡಿದ್ದೇನೆ. ತಿಳಿ ಆಕಾಶದ ಬಣ್ಣದ ದೋಸೆ, ಕಾಯಿಬೆಲ್ಲದ ಜೊತೆ ಚಂದ ಕಾಣುತ್ತದೆ. ಬಟ್ಟೆಗೆ ಮಾತ್ರ ಈ ಬಣ್ಣ ನಿಲ್ಲುವುದಿಲ್ಲ, ಒಗೆದರೆ ಹೋಗುತ್ತದೆ. ಬಟ್ಟೆಯ ನೀಲಿ ಕೊಡುವ ನೀಲಿಗಿಡ ಬೇರೆ, ಅದೂ ಅವರೆ ಕುಟುಂಬದ್ದೇ.

ಒಂದು ಎಚ್ಚರಿಕೆ. ಬಳಸುವುದು ಹೂ ಮಾತ್ರ. ಬೀಜ, ಬೇರು ಹೊಟ್ಟೆ ಕೆಡಿಸುತ್ತವೆ, ಭೇದಿಯಾಗುತ್ತದೆ. ಮಕ್ಕಳು ಕೋಡನ್ನು ಬಟಾಣಿ ಅಂತ ತಿನ್ನದ ಹಾಗೆ ನೋಡಿಕೊಳ್ಳಿ. ಬಸುರಿಯರು, ದಿನಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಈ ಚಹಾ ಅಭ್ಯಾಸ ಮಾಡಿಕೊಳ್ಳಬೇಡಿ.

ಹೂ ಒಣಗಿಸಿ ಇಡುವುದು?

ನೆರಳಿನಲ್ಲಿ, ಗೆರಸಿಯ ಮೇಲೆ ಒಂದೊಂದಾಗಿ ಹರಡಿ. ಬೇಸಿಗೆಯಲ್ಲಿ ಎರಡು ಮೂರು ದಿನ ಸಾಕು. ಬಿಸಿಲಿಗೆ ಇಟ್ಟರೆ ಬಣ್ಣ ಮಾಸುತ್ತದೆ. ಕೈಯಲ್ಲಿ ಹಿಸುಕಿದರೆ ಚರಚರ ಅನ್ನಬೇಕು, ಆಮೇಲೆ ಬಾಟಲಿಗೆ. ಮಳೆಗಾಲದಲ್ಲಿ ಪ್ರಯತ್ನ ಬೇಡ, ಬೂಸರು ಹಿಡಿಯುತ್ತದೆ.

ದನ, ಆಡು ತಿಂದರೆ ಏನಾದರೂ ಆಗುತ್ತದಾ?

ಏನೂ ಆಗುವುದಿಲ್ಲ. ಇದು ಒಳ್ಳೆಯ ಮೇವು. ಆಸ್ಟ್ರೇಲಿಯಾದಲ್ಲಿ ಮೇವಿಗೆ ಅಂತಲೇ ಬೆಳೆಸುತ್ತಾರೆ. ನಮ್ಮ ಕಾಸರಗೋಡು ಗಿಡ್ಡ ಹಸು ಸೆಪ್ಟೆಂಬರಿನಲ್ಲಿ ಕತ್ತರಿಸಿದ ಬಳ್ಳಿಯನ್ನು ಹುಲ್ಲು ಬಿಟ್ಟು ಮೊದಲು ತಿನ್ನುತ್ತದೆ. ಕೋಡು ಬಲಿತ ಗೆಲ್ಲು ಮಾತ್ರ ಜಾಸ್ತಿ ಹಾಕಬೇಡಿ. ಬೇಲಿಯ ಬಳ್ಳಿ ಉಳಿಯಬೇಕಾದರೆ ಕರುವಿನ ಹಗ್ಗ ಗಿಡ್ಡ ಮಾಡಿ.

ಬೀಜ ಕೊಯ್ಯುವುದು ಯಾವಾಗ?

ಕೋಡು ಹಸಿರು ಹೋಗಿ ಒಣಹುಲ್ಲಿನ ಬಣ್ಣಕ್ಕೆ ಬಂದಾಗ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನುತ್ತದೆ. ಇನ್ನೂ ತಡ ಮಾಡಿದರೆ ಮಧ್ಯಾಹ್ನದ ಬಿಸಿಲಿಗೆ ಕೋಡು ಚಟ್ ಅಂತ ತಿರುಚಿಕೊಂಡು ಸಿಡಿಯುತ್ತದೆ, ಬೀಜ ಅಂಗಳ ತುಂಬ. ಬೆಳಗ್ಗೆ ಇಬ್ಬನಿ ಇರುವಾಗ ಕೊಯ್ಯಿರಿ. ಎರಡು ದಿನ ಒಣಗಿಸಿ, ಒಲೆಬೂದಿ ಬೆರೆಸಿ ಬಾಟಲಿಯಲ್ಲಿ ಹಾಕಿ, ಮೇಲೆ ಬಣ್ಣ ಮತ್ತು ತಿಂಗಳು ಬರೆದಿಡಿ.

ನಿಮ್ಮಲ್ಲಿ ಬೀಜ ಸಿಗುತ್ತದಾ?

ಸಿಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ನೀಲಿಯದ್ದು ಬೇಕಾದಷ್ಟಿರುತ್ತದೆ, ಬಿಳಿಯದ್ದು ಸ್ವಲ್ಪ. ದುಡ್ಡು ಬೇಡ. ಒಂದು ಖಾಲಿ ಬೆಂಕಿಪೆಟ್ಟಿಗೆ ತನ್ನಿ. ನಿಮ್ಮ ಬೇಲಿಯಲ್ಲಿ ಬೇರೆ ಬಣ್ಣದ್ದು ಇದ್ದರೆ ಅದರ ನಾಲ್ಕು ಬೀಜವನ್ನೂ ತನ್ನಿ. ಹೋಗುವಾಗ ಜಗಲಿಯ ಮೆಟ್ಟಿಲಲ್ಲೇ ಕೂತು ತಿಕ್ಕಿಕೊಂಡು ಹೋಗಬಹುದು.